ಹೋಮ್‌ಸ್ಟೇ ಬಾಟ್ ಉತ್ತರ ಕೊಡ್ತಿಲ್ಲ, ಅನುಭವ ಇದ್ದವರು ಹೇಳಿ

ಕಕ್ಕಬ್ಬೆ ಮನೆ:
ಹೋಮ್‌ಸ್ಟೇ ನಂಬರಿಗೆ ಕಳೆದ ವರ್ಷ ವಾಟ್ಸ್‌ಆ್ಯಪ್ ಬಾಟ್, ಅಂದ್ರೆ ತಾನಾಗಿ ಉತ್ತರ ಕೊಡೋ ಪ್ರೋಗ್ರಾಂ, ಹಾಕಿಸಿದ್ವಿ. ರೂಮ್ ಇದೆಯಾ, ರೇಟ್ ಎಷ್ಟು, ಲೊಕೇಶನ್ ಎಲ್ಲಿ, ಎಲ್ಲ ಅದೇ ನೋಡ್ಕೊಳ್ತಿತ್ತು. ಈಗ ಕೆಲವರಿಗೆ ಉತ್ತರ ಹೋಗುತ್ತೆ, ಕೆಲವರಿಗೆ ಹೋಗಲ್ಲ. ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಯುಗಾದಿ, ರಂಜಾನ್ ಒಟ್ಟೊಟ್ಟಿಗೆ ಬಂದು ಉದ್ದ ರಜೆ ಇದೆ. ಇದನ್ನೇ ರಿಪೇರಿ ಮಾಡಿಸ್ಲಾ, ಬೇರೆಯವರನ್ನ ಹಿಡೀಲಾ?

ಮಡಿಕೇರಿ ರೂಮ್ಸ್:
ಬೇರೆಯವರನ್ನ ಹಿಡಿಯೋ ಮುಂಚೆ ನನ್ನ ಲೆಕ್ಕ ನೋಡಿ. 2023ರಲ್ಲಿ ಹಾಕಿಸಿದ್ದು. ಸೆಟಪ್ 18,000, ತಿಂಗಳಿಗೆ 2,499, ಎಲ್ಲದರ ಮೇಲೆ 18% ಜಿಎಸ್‌ಟಿ, ವರ್ಷದ ದುಡ್ಡು ಮುಂಗಡ. ಮೊದಲ ವರ್ಷಕ್ಕೇ 56,626 ರೂಪಾಯಿ. ಬಿಲ್ ಇನ್ನೂ ಫೈಲಲ್ಲಿದೆ. ವ್ಯಾಲೆಟ್‌ಗೆ 3,000 ಹಾಕಿಸ್ಕೊಂಡದ್ದು ಇದರಲ್ಲಿ ಸೇರಿಲ್ಲ.

ಹೋದ ಸೆಪ್ಟೆಂಬರಲ್ಲಿ ರಿನ್ಯೂವಲ್ ಅಂತ 35,386 ಕಟ್ಟಿಸ್ಕೊಂಡ್ರು. ನಮ್ಮ ಬಾಟ್ ಕೂತಿದ್ದು ಹಳೇ ಆನ್-ಪ್ರೆಮಿಸಸ್ ಎಪಿಐ ಮೇಲೆ, ಅಂದ್ರೆ ಬಾಟನ್ನ ವಾಟ್ಸ್‌ಆ್ಯಪ್‌ಗೆ ಜೋಡಿಸೋ ದಾರಿ ಕಂಪನಿಯವರ ಸ್ವಂತ ಸರ್ವರಲ್ಲಿ. ಅದು 2025ರ ಅಕ್ಟೋಬರ್ 23ಕ್ಕೆ ಬಂದ್ ಅಂತ ವಾಟ್ಸ್‌ಆ್ಯಪ್‌ನ ಕಂಪನಿ ಮೆಟಾ ಎಷ್ಟೋ ಮೊದಲೇ ಹೇಳಿತ್ತು. ಇವರು ಬಾಯಿ ಬಿಡ್ಲಿಲ್ಲ. 22ಕ್ಕೆ ಬಲಿಪಾಡ್ಯಮಿ, ಮರುದಿನದಿಂದ ಬಾಟ್ ಸತ್ತೇ ಹೋಯ್ತು. ಆ ಶನಿವಾರ ಭಾನುವಾರ ನಾಲ್ಕು ರೂಮಲ್ಲಿ ಮೂರು ಖಾಲಿ. ರಿಫಂಡ್ ಕೇಳಿದ್ರೆ ಅಗ್ರಿಮೆಂಟ್‌ನ ಏಳನೇ ಪುಟ ತೋರಿಸ್ತಾರೆ. ಹೊಸ ಕಂಪನಿ ನಂಬರನ್ನ ಕ್ಲೌಡಿಗೆ, ಅಂದ್ರೆ ಮೆಟಾದ್ದೇ ಸರ್ವರಿಗೆ, ಬದಲಾಯಿಸಕ್ಕೆ 12,500 ತಗೊಳ್ತು. ಈಗ ಇವರೂ ಗೆಸ್ಟ್ ಕೇಳಿದ್ದಕ್ಕೆ ಉತ್ತರ ಕೊಟ್ರೆ ಒಂದೊಂದಕ್ಕೆ 80 ಪೈಸೆ ಹಿಡೀತಾರೆ.

ಸುಂಟಿಕೊಪ್ಪ ಕೋಡರ್:
ಸರ್, ಆ 80 ಪೈಸೆ ಮೆಟಾದ್ದಲ್ಲ. ಗೆಸ್ಟ್ ಮೆಸೇಜ್ ಹಾಕಿದ 24 ಗಂಟೆ ಒಳಗೆ ಕೊಡೋ ಮಾಮೂಲಿ ಉತ್ತರಕ್ಕೆ 2024ರ ನವೆಂಬರಿಂದ ಚಾರ್ಜೇ ಇಲ್ಲ. 2025ರ ಜುಲೈ 1ರಿಂದ ಮೆಸೇಜಿಗಿಷ್ಟು ಅಂತ ದರ ಬಂದಿದ್ದು ಟೆಂಪ್ಲೇಟ್‌ಗಳಿಗೆ, ಅಂದ್ರೆ ಮೆಟಾ ಮೊದಲೇ ಅಪ್ರೂವ್ ಮಾಡಿದ ಸಿದ್ಧ ಮೆಸೇಜ್‌ಗಳಿಗೆ. ನಿಮ್ಮ 80 ಪೈಸೆ ನಿಮ್ಮ ಕಂಪನಿ ಜೇಬಿಗೆ.

ನಾನು ಯಾರನ್ನೂ ನಂಬದೆ ನೇರ ಕ್ಲೌಡ್ ಎಪಿಐ ತಗೊಂಡು ನಮ್ಮ ಎರಡು ಕಾಟೇಜಿಗೆ ನಾನೇ ಬರೆದೆ. ಸರ್ವರ್ ತಿಂಗಳಿಗೆ 450, ಡೊಮೇನ್ ವರ್ಷಕ್ಕೆ 899, ಮುಗೀತು. ಜನ ಎಡವೋದು ಟೋಕನ್ ಹತ್ರ, ಅಂದ್ರೆ ಬಾಟನ್ನ ಒಳಗೆ ಬಿಡೋ ಕೀಲಿ. ಡೆವಲಪರ್ ಪುಟದಲ್ಲಿ ಮೊದಲು ಕೊಡೋ ಟೋಕನ್ 24 ಗಂಟೆಗೆ ಸಾಯುತ್ತೆ, 190 ಅಂತ ಎರರ್ ಬರುತ್ತೆ. ಸಿಸ್ಟಮ್ ಯೂಸರ್ (ಬಾಟಿಗಂತಲೇ ಇರೋ ಖಾತೆ) ಮಾಡಿ ಪರ್ಮನೆಂಟ್ ಟೋಕನ್ ತಗೋಬೇಕು. ಹಾಗೇ ವೆಬ್‌ಹುಕ್‌ಗೆ, ಅಂದ್ರೆ ಮೆಸೇಜ್ ಬಂದು ಬೀಳೋ ನಿಮ್ಮ ಸರ್ವರ್ ವಿಳಾಸಕ್ಕೆ, ಮೆಸೇಜ್ ಬಂದ ಕೂಡಲೇ 200 (ತಲುಪಿತು) ಅಂತ ವಾಪಸ್ ಹೇಳಿ, ಆಮೇಲೆ ನಿಮ್ಮ ಕೆಲಸ ಮಾಡ್ಕೊಳ್ಳಿ. ನಿಧಾನ ಮಾಡಿದ್ರೆ ಅದೇ ಮೆಸೇಜ್ ಮತ್ತೆ ಮತ್ತೆ ಬಂದು ಬೀಳುತ್ತೆ. ನನ್ನದು ಒಂದು ಮಳೆಗಾಲ ಪೂರ್ತಿ ನಿಂತಿಲ್ಲ. ಮನೇಲಿ ಕರೆಂಟ್ ಇರಲಿಲ್ಲ, ಬಾಟ್ ಇತ್ತು.

ಮಡಿಕೇರಿ ರೂಮ್ಸ್:
ಎಲ್ಲರೂ ಕೋಡ್ ಬರೀತಾ ಕೂತ್ರೆ ಗೆಸ್ಟಿಗೆ ಕಡುಂಬುಟ್ಟು ಬೇಯಿಸೋದು ಯಾರಪ್ಪ?

ಸುಂಟಿಕೊಪ್ಪ ಕೋಡರ್:
56,626 ಕೊಟ್ಟವರು ಕೇಳೋ ಪ್ರಶ್ನೆ ಇದು.

ಸಂಪಾಜೆ ಘಾಟಿ:
ಮಾರಾಯ್ರೆ, ವಾಟ್ಸ್‌ಆ್ಯಪ್‌ನವರು ಜನವರಿಯಿಂದ ಬಾಟ್ ಎಲ್ಲ ಬ್ಯಾನ್ ಮಾಡಿದ್ದಾರಲ್ಲ, ಅದೇ ಇರ್ಬೇಕು. ನನ್ನ ಭಾವನ ಮಗ ಎಐ ಹಾಕಿಸಿದ್ದ, ಅದು ಇಲ್ಲದ ಸ್ವಿಮ್ಮಿಂಗ್ ಪೂಲ್ ಉಂಟು ಅಂತ ಗೆಸ್ಟಿಗೆ ಹೇಳಿತ್ತು. ಬಂದವರು ಟವೆಲ್ ಹೆಗಲಿಗೆ ಹಾಕ್ಕೊಂಡು ತೋಟ ಎಲ್ಲ ಹುಡುಕಿದ್ದಾರೆ. ರೂಮ್ ಬಾಡಿಗೆ 4,200, ಅದರಲ್ಲಿ 1,500 ವಾಪಸ್ ಕೊಡ್ಬೇಕಾಯ್ತು, ಊಟ ಫ್ರೀ.

ಸುಂಟಿಕೊಪ್ಪ ಕೋಡರ್:
ಗಾಳಿಸುದ್ದಿ ಬೇಡ ಅಣ್ಣ. 2026ರ ಜನವರಿ 15ರಿಂದ ಬೇಡ ಅಂದಿದ್ದು ಯಾವ ಪ್ರಶ್ನೆಗೂ ಉತ್ತರ ಕೊಡೋ ಸಾರ್ವತ್ರಿಕ ಎಐ ಬಾಟ್‌ಗಳನ್ನ. ತನ್ನ ಹೋಮ್‌ಸ್ಟೇ ಬುಕ್ಕಿಂಗ್ ನೋಡ್ಕೊಳ್ಳೋ ಬಾಟಿಗೆ ತೊಂದರೆ ಇಲ್ಲ.

ಶ್ರೀಮಂಗಲ ಅಕ್ಕ:
ನಾನು ಈ ಬಾಟ್ ಗೀಟ್ ಏನೂ ಹಾಕಿಸಿಲ್ಲ. ಬಿಸಿನೆಸ್ ಆ್ಯಪ್‌ನಲ್ಲೇ ಗ್ರೀಟಿಂಗ್ ಮೆಸೇಜ್, ಅವೇ ಮೆಸೇಜ್ (ನಾವಿಲ್ಲದಾಗ ತಾನಾಗಿ ಹೋಗೋದು) ಇಟ್ಟಿದ್ದೇನೆ, ಖರ್ಚು ಸೊನ್ನೆ. ಆದರೆ ಫೋನಿಗೆ ನೆಟ್ ಇದ್ರೆ ಮಾತ್ರ ಅವೇ ಮೆಸೇಜ್ ಹೋಗೋದು. ಮರ ಬಿದ್ದು ಲೈನ್ ಹೋಯ್ತು, ಟವರ್ ಬ್ಯಾಟರಿನೂ ಇಳೀತು ಅಂದ್ರೆ ಅದೂ ಇಲ್ಲ. ಅದಕ್ಕೇ ಅತ್ತಿಗೆಯವರ ಹಳೇ ಫೋನ್ ಗೋಣಿಕೊಪ್ಪದ ಅಂಗಡೀಲಿ ಚಾರ್ಜಿಗೆ ಹಾಕಿ ಇಟ್ಟಿದೆ, ನಂಬರ್ ಅದರಲ್ಲೇ. ಇನ್ನೊಂದು, ಗ್ರೀಟಿಂಗ್ ಹೋಗೋದು ಮೊದಲ ಸಲ ಬರೆದವರಿಗೆ, ಇಲ್ಲಾ 14 ದಿನ ಮಾತೇ ಆಡದೆ ಇದ್ದವರಿಗೆ. ಮಧ್ಯೆ ಕೇಳಿದವರಿಗೆ ಹೋಗಲ್ಲ. ನಮ್ಮಲ್ಲಿ ತುಂಬ ಜನ ಅದನ್ನೇ ಕೆಟ್ಟಿದೆ ಅಂದ್ಕೊಂಡಿದ್ರು. ಉಳಿದದ್ದಕ್ಕೆ ನಾನೇ ಫೋನ್ ಮಾಡ್ತೇನೆ. ಮನುಷ್ಯರ ದನಿ ಕೇಳಿದ್ರೆ ಅಡ್ವಾನ್ಸ್ ಬೇಗ ಬರುತ್ತೆ.

ಪೊನ್ನಂಪೇಟೆ ಬೆಳೆಗಾರ:
ಇಲ್ಲಿ ಎಲ್ಲರಿಗೂ ಗೆಸ್ಟಿನದೇ ಚಿಂತೆ. ನಮ್ಮ ಬೆಳೆಗಾರರ ಗುಂಪಿಗೆ ಟೆಲಿಗ್ರಾಂನಲ್ಲಿ ಮಳೆ ಲೆಕ್ಕದ ಬಾಟ್ ಇದೆ. ಬೆಳಿಗ್ಗೆ ಮಳೆ ಗೇಜ್ ನೋಡಿ ಎಲ್ಲರೂ ಇಂಚು, ಸೆಂಟ್ (ಇಂಚಿನ ನೂರನೇ ಪಾಲು) ಹಾಕ್ತಾರೆ, ಬಾಟ್ ಪಟ್ಟಿ ಮಾಡುತ್ತೆ. ಹೋದ ವರ್ಷ ಹೂಮಳೆ (ಕಾಫಿ ಹೂ ಬಿಡಿಸೋ ಮಳೆ) ಹೊತ್ತಿಗೆ ಸರಿಯಾಗಿ ಮೂಕ ಆಯ್ತು. ನಾನು ಸ್ಪ್ರಿಂಕ್ಲರ್ ಜೆಟ್ ಎಳೆಸ್ಲಾ ಬೇಡ್ವಾ ಅಂತ ಕಾಯ್ತಾ ಕೂತಿದ್ದೆ. ಡೀಸೆಲ್ಲಿಗೇ 23,400, ಪೈಪ್ ಎತ್ತೋ ಹುಡುಗರಿಗೆ ತಲೆಗೆ 650. ನಾನು ನೀರು ಹಾಯಿಸಿ ಮುಗಿಸಿದ ಸಂಜೆನೇ ಮಳೆ ಸುರೀತು, 1 ಇಂಚು 10 ಸೆಂಟ್. ನಮ್ಮದು ರೊಬಸ್ಟಾ, ಅಷ್ಟು ಮಳೆಗೇ ಹೂ ಬಿಡ್ತಿತ್ತು. ಪಕ್ಕದ ತೋಟಗಳಲ್ಲಿ ಅವತ್ತು ಬೆಳಿಗ್ಗೆನೇ ಬಿದ್ದಿತ್ತಂತೆ, ಗುಂಪಲ್ಲಿ ಹಾಕಿದ್ರು, ಬಾಟ್ ಓದ್ಲೇ ಇಲ್ಲ.

ಆಮೇಲೆ ನೋಡಿದ್ರೆ, ಗುಂಪಿನ ಅಡ್ಮಿನ್ ಹೊಸ ಬಾಟ್ ಮಾಡಿ ಸೇರಿಸಿದ್ದ. ಟೆಲಿಗ್ರಾಂ ಬಾಟಿಗೆ ಪ್ರೈವಸಿ ಮೋಡ್ ಮೊದಲಿಂದ್ಲೇ ಆನ್ ಇರುತ್ತೆ. ಗುಂಪಲ್ಲಿ ಸ್ಲ್ಯಾಶ್ ಹಾಕಿ ಬರೆದ ಕಮಾಂಡು, ಅದಕ್ಕೇ ಕೊಟ್ಟ ರಿಪ್ಲೈ, ಇಂಥದ್ದು ಬಿಟ್ರೆ ಬೇರೆ ಮಾತು ಅದರ ಕಿವಿಗೇ ಬೀಳಲ್ಲ. ಬಾಟ್‌ಫಾದರ್, ಅಂದ್ರೆ ಬಾಟ್ ಮಾಡಿಕೊಡೋ ಟೆಲಿಗ್ರಾಂನದೇ ಬಾಟ್, ಅದರ ಹತ್ರ ಹೋಗಿ ಆಫ್ ಮಾಡಿ, ಬಾಟನ್ನ ಗುಂಪಿಂದ ತೆಗೆದು ಮತ್ತೆ ಸೇರಿಸ್ಬೇಕು. ಆಫ್ ಮಾಡಿ ಸುಮ್ನೆ ಬಿಟ್ರೆ ಆಗಲ್ಲ. ಅದು ಸರಿಯಾಯ್ತು ಅನ್ನೋವಾಗ 409 ಎರರ್. ಎಸ್ಟೇಟಿನ ಕಂಪ್ಯೂಟರಲ್ಲಿ ಓಡ್ತಿರೋ ಬಾಟನ್ನೇ ಅಡ್ಮಿನ್‌ನ ತಮ್ಮ ಬೆಂಗಳೂರಲ್ಲಿ ಲ್ಯಾಪ್‌ಟಾಪಲ್ಲೂ ಓಡಿಸ್ತಿದ್ದ. ಒಂದೇ ಟೋಕನ್ನಲ್ಲಿ ಇಬ್ಬರು ಮೆಸೇಜ್ ಎಳೆದ್ರೆ ಟೆಲಿಗ್ರಾಂ ಒಬ್ಬರನ್ನ ಒದ್ದು ಹಾಕುತ್ತೆ.

ಸುಂಟಿಕೊಪ್ಪ ಕೋಡರ್:
ವೆಬ್‌ಹುಕ್ ಇಟ್ಕೊಂಡ್ರೆ ಆ 409 ಗೋಳೇ ಇಲ್ಲ. ಗೆಟ್‌ವೆಬ್‌ಹುಕ್‌ಇನ್ಫೋ ಅನ್ನೋ ಕಮಾಂಡ್ ಕಳಿಸಿ ಕೇಳಿದ್ರೆ ಕೊನೇ ಎರರ್ ಏನು, ಎಷ್ಟು ಮೆಸೇಜ್ ಕಾಯ್ತಿದೆ, ಎಲ್ಲ ಹೇಳುತ್ತೆ. ಎಸ್ಟೇಟ್ ಕಂಪ್ಯೂಟರಲ್ಲಿ ಬಾಟ್ ಇಡೋದೇ ತಪ್ಪು.

ಪೊನ್ನಂಪೇಟೆ ಬೆಳೆಗಾರ:
ವೆಬ್‌ಹುಕ್‌ಗೆ ಎಚ್‌ಟಿಟಿಪಿಎಸ್, ಅಂದ್ರೆ ಸರ್ಟಿಫಿಕೇಟ್ ಇರೋ ಸುರಕ್ಷಿತ ವಿಳಾಸ ಬೇಕು. ಉಚಿತ ಸರ್ಟಿಫಿಕೇಟ್ 90 ದಿನಕ್ಕೆ ಮುಗಿಯುತ್ತೆ, ತಾನಾಗಿ ರಿನ್ಯೂ ಆಗ್ಲಿಲ್ಲ ಅಂದ್ರೆ ಅದೂ ಮೂಕ. ನೀನು ಎಸ್ಟೇಟ್ ನೋಡಿದ್ದೀಯೇನಪ್ಪ, ಕಾಟೇಜ್ ಕಟ್ಟಿದ್ದು ಬಿಟ್ರೆ?

ಮಡಿಕೇರಿ ರೂಮ್ಸ್:
ಕಾಟೇಜ್ ಕಟ್ಟಿದವರ ಮೇಲೆ ಯಾಕೆ ಸಿಟ್ಟು? ಕಾಫಿಗೆ ರೇಟ್ ಇಲ್ಲದಾಗ ನಮ್ಮ ಮಕ್ಕಳ ಫೀಸು ಕಟ್ಟಿದ್ದು ಈ ರೂಮುಗಳೇ.

ಪೊನ್ನಂಪೇಟೆ ಬೆಳೆಗಾರ:
ಸಿಟ್ಟು ನೀರಿನ ಮೇಲೆ. ಮಾರ್ಚಲ್ಲಿ ತೋಡು (ಹಳ್ಳ) ಒಣಗಿರುತ್ತೆ, ಮೇಲಿನ ಹೋಮ್‌ಸ್ಟೇಯವರು ಪೂಲ್ ತುಂಬಿಸ್ತಾರೆ, ಕೆಳಗೆ ನನ್ನ ಜೆಟ್ ಕೆಮ್ಮುತ್ತೆ.

ಶ್ರೀಮಂಗಲ ಅಕ್ಕ:
ತೋಡಿಗೆ ಮೋಟಾರ್ ಇಟ್ಟು ರಾತ್ರಿ ಇಡೀ ಎಳೆಯೋದು ಯಾರು ಅಂತ ನಮಗೂ ಗೊತ್ತು. ಆ ಹುಡುಗಿ ಕೇಳಿದ್ದು ಬಾಟ್ ವಿಷಯ.

ಕಕ್ಕಬ್ಬೆ ಮನೆ:
ನಾನು ಹುಡುಗಿ ಅಲ್ಲ ಅಕ್ಕ, ಇಬ್ಬರು ಮೊಮ್ಮಕ್ಕಳಿದ್ದಾರೆ. ಮಗನ ಕೈಲಿ ಡ್ಯಾಶ್‌ಬೋರ್ಡ್ ತೆಗೆಸಿ ನೋಡ್ದೆ. ಹೋಗದೆ ಇದ್ದ ಕಡೆ ಹೆಚ್ಚಿನದಕ್ಕೆ 131047, ಕೆಲವಕ್ಕೆ 132001 ಅಂತಿದೆ. ರಾತ್ರಿ ಕೇಳಿದವರಿಗೆ ತಕ್ಷಣ ಹೋಗಿದೆ. ಮೊನ್ನೆ ಕೇಳಿ ಸುಮ್ಮನಾದವರಿಗೆ ಇವತ್ತು ರೂಮ್ ಖಾಲಿ ಇದೆ ಅಂತ ಕಳಿಸಿದ್ದು ಹೋಗಿಲ್ಲ.

ಸುಂಟಿಕೊಪ್ಪ ಕೋಡರ್:
ಅಮ್ಮ, ಹಾಗಾದ್ರೆ ಬಾಟ್ ಕೆಟ್ಟಿಲ್ಲ. 131047 ಅಂದ್ರೆ ಅವರು ಕೊನೇ ಸಲ ಬರೆದು 24 ಗಂಟೆ ದಾಟಿದೆ. ಅಂಥವರಿಗೆ ಅಪ್ರೂವ್ ಆದ ಟೆಂಪ್ಲೇಟ್ ಮಾತ್ರ ಹೋಗೋದು. 132001 ಅಂದ್ರೆ ಟೆಂಪ್ಲೇಟ್ ಆ ಭಾಷೇಲಿ ಇಲ್ಲ, ಇಲ್ಲಾ ಇನ್ನೂ ಅಪ್ರೂವ್ ಆಗಿಲ್ಲ. ಇಂಗ್ಲಿಷಲ್ಲಿ ಅಪ್ರೂವ್ ಮಾಡ್ಸಿ ಕನ್ನಡ ಅಂತ ಕಳಿಸ್ತಿರಬಹುದು. ಕನ್ನಡದ್ದು ಬೇರೆ ಹಾಕಿಸಿ. ಆ ಟೆಂಪ್ಲೇಟಿಗೆ ಮಾತ್ರ ಚಾರ್ಜ್ ಬೀಳುತ್ತೆ.

ಮಡಿಕೇರಿ ರೂಮ್ಸ್:
ಬಿತ್ತಲ್ಲ, ಕೊನೆಗೂ ಚಾರ್ಜ್.

ಪೊನ್ನಂಪೇಟೆ ಬೆಳೆಗಾರ:
ಶ್ರೀಮಂಗಲದವರೇ, ಮೋಟಾರ್ ಯಾರದ್ದು ಅಂತ ಹೆಸರು ಹಿಡಿದು ಹೇಳಿ.