ಹೆರಿಗೆ ವಾರ್ಡಿನಲ್ಲಿ ಸಾವಾದ ಮೇಲೆ ಸಿಬ್ಬಂದಿಯನ್ನು ಕೂರಿಸಿ ಮಾತಾಡಿಸಬೇಕೇ?

ಪ್ರಶ್ನೆ (ಇನ್‌ಚಾರ್ಜ್ ಸಿಸ್ಟರ್, ವಿಜಯಪುರ):
ನಮಸ್ಕಾರ್ರೀ ಡಾಕ್ಟ್ರ. ಹೋದ ವಾರ ನಮ್ಮ ವಾರ್ಡಿನ್ಯಾಗ ಹೆರಿಗಿ ಆದಮ್ಯಾಲೆ ರಕ್ತ ನಿಲ್ಲದ ಒಬ್ಬಾಕಿ ತೀರ್ಕೊಂಡ್ಳು. ಅವರ ಮಂದಿ ಬಾಯಿಗೆ ಬಂದಂಗ ಬೈದು ಬಾಗಲಾ ಒದ್ರು. ಅವತ್ತು ನೈಟ್ ಡ್ಯೂಟಿ ಇದ್ದ ಇಬ್ರು ಹುಡಿಗ್ಯಾರಿಗೆ ಈಗ ನಿದ್ದಿ ಇಲ್ಲ. ಒಬ್ಬಾಕಿ ಲೇಬರ್ ರೂಮಿಗೆ ಹೋಗಾಕ ಒಲ್ಲೆ ಅಂತಾಳ. ಮ್ಯಾನೇಜ್‌ಮೆಂಟ್‌ನವ್ರು ಎಲ್ಲಾರ್ನೂ ಹಾಲ್‌ನ್ಯಾಗ ಕುಂದ್ರಿಸಿ, ಆ ರಾತ್ರಿ ಏನೇನಾತು ಅಂತ ಒಬ್ಬೊಬ್ರ ಕಡಿಂದ ಹೇಳಸ್ತೀವಿ, ಮನಸ್ಸು ಹಗರಾಕ್ಕೈತಿ ಅನ್ನಾಕತ್ತಾರ. ಇದು ಸರಿ ಏನ್ರೀ?

ಉತ್ತರ (ಮನೋವೈದ್ಯರು, ಬೆಳಗಾವಿ):
ಸಿಸ್ಟರ್, ಆ ಮೀಟಿಂಗ್ ಬ್ಯಾಡ ಅಂತ ಗಟ್ಟಿಯಾಗಿ ಹೇಳ್ರಿ. ಅವರ ಉದ್ದೇಶ ಒಳ್ಳೆಯದೇ. 1980ರ ದಶಕದಲ್ಲಿ ಅಮೆರಿಕದ ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗಾಗಿ ಶುರುವಾದ ಪದ್ಧತಿ ಇದು. ಆದರೆ ಒಂದೇ ಸಲ ಕೂರಿಸಿ ಎಲ್ಲ ಹೇಳಿಸಿದರೆ ಮುಂದೆ ಆಘಾತದ ಕಾಯಿಲೆ ತಪ್ಪುವುದಿಲ್ಲ ಎಂದು ಆಮೇಲಿನ ಅಧ್ಯಯನಗಳಲ್ಲಿ ಗೊತ್ತಾಯಿತು. ಕೆಲವರಿಗೆ ತೊಂದರೆ ಹೆಚ್ಚಿದ್ದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅನ್ನುತ್ತದೆ. ಅದೂ ಅಲ್ಲದೆ, ನೌಕರಿ ಕೊಟ್ಟವರ ಎದುರು ಯಾವ ಹುಡುಗಿ ಮನಸ್ಸು ಬಿಚ್ಚುತ್ತಾಳೆ? ತಾಯಿ ಮರಣದ ಪರಿಶೀಲನೆ ಹೇಗೂ ನಡೆಯಲೇಬೇಕು. ಯಾವ ಇಂಜೆಕ್ಷನ್ ಎಷ್ಟೊತ್ತಿಗೆ, ರಕ್ತ ಯಾವಾಗ ಬಂತು ಅನ್ನೋದು ಅಲ್ಲಿನ ಮಾತು. ಸಾಂತ್ವನಕ್ಕೂ ಅದಕ್ಕೂ ಗಂಟು ಹಾಕಬೇಡ್ರಿ.

ಆ ಇಬ್ಬರನ್ನೂ ನೀವೇ ಬೇರೆ ಬೇರೆಯಾಗಿ ಕಾಣ್ರಿ. ಊಟ ಆಯಿತೇ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ಇಷ್ಟು ಕೇಳಿದರೆ ಸಾಕು. ಹೇಳಿಕೊಂಡರೆ ಪೂರ್ತಿ ಕೇಳ್ರಿ, ಸುಮ್ಮನಿದ್ದರೆ ಕೆದಕಬೇಡ್ರಿ. ಸ್ವಲ್ಪ ದಿನ ನೈಟ್ ಡ್ಯೂಟಿ ತಪ್ಪಿಸ್ರಿ. ಲೇಬರ್ ರೂಮ್ ಒಲ್ಲೆ ಅನ್ನುವಾಕೆಯನ್ನು ಕೇಳದೆ ಬೇರೆ ವಾರ್ಡಿಗೆ ಹಾಕಿದರೆ ತನ್ನದೇ ತಪ್ಪು ಅಂದುಕೊಳ್ಳುತ್ತಾಳೆ. ಹಿರಿಯ ಸಿಸ್ಟರ್ ಒಬ್ಬರ ಜೊತೆ, ಆಕೆ ಒಪ್ಪಿದಾಗ ಮರಳಲಿ.

ಮೊದಲ ವಾರಗಳಲ್ಲಿ ನಿದ್ದೆ ಕೆಡುವುದು, ಆ ದೃಶ್ಯ ಕಣ್ಣ ಮುಂದೆ ಬರುವುದು ಬಹಳ ಮಂದಿಗೆ ಆಗುತ್ತದೆ, ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿದರೂ ಇಳಿಯದಿದ್ದರೆ ಚಿಕಿತ್ಸೆ ಬೇಕು, ಒಳ್ಳೆಯ ಚಿಕಿತ್ಸೆ ಇದೆ. ಸಾಯುವ ಮಾತು ಬಂದರೆ ಮಾತ್ರ ಅವತ್ತೇ ಕರೆದುಕೊಂಡು ಬರ್ರಿ, ಒಬ್ಬಾಕೆಯನ್ನೇ ಬಿಡಬೇಡ್ರಿ. ಇನ್ನೊಂದು: ನಮ್ಮ ಕೈಗೆ ಔಷಧಿ ಸುಲಭಕ್ಕೆ ಸಿಗುತ್ತದೆ. ಅಲ್ಪ್ರಜೋಲಾಂನಂಥ ನಿದ್ದೆ ಗುಳಿಗೆ ತಾವಾಗಿ ನುಂಗದಂತೆ ನೋಡ್ರಿ, ಈ ಹೊತ್ತಿನಲ್ಲಿ ಅದರಿಂದ ಉಪಯೋಗವಿಲ್ಲ, ಚಟ ಮಾತ್ರ ಹತ್ತುತ್ತದೆ.

ಬಾಗಿಲು ಒದ್ದವರ ಮೇಲಿನ ದೂರು ಆಸ್ಪತ್ರೆಯೇ ಕೊಡಲಿ. ಅದಕ್ಕೆಂದೇ 2009ರ ರಾಜ್ಯ ಕಾಯ್ದೆ ಇದೆ. ಆ ಭಾರ ಹುಡುಗಿಯರ ತಲೆಗೆ ಬೇಡ.

ಮರುಪ್ರಶ್ನೆ (ಹೌಸ್‌ಕೀಪಿಂಗ್, ಬಾಗಲಕೋಟೆ):
ಇಂಥಾ ಸಾವಾದಾಗ ನೆಲದ ಮ್ಯಾಲಿನ ರಕ್ತ ಒರಸೋರು ನಾವ್ರಿ. ಅವತ್ತು ಊಟ ಸೇರೂದಿಲ್ಲ. ಗುತ್ತಿಗಿ ಮಂದಿ, ನಮ್ಮನ್ನ ಯಾರ್ ಕೇಳ್ತಾರ?

ಉತ್ತರ:
ಅಕ್ಕಾರ, ನಿಮ್ಮನ್ನೂ ಕೇಳಬೇಕು. ವಿಜಯಪುರದ ಸಿಸ್ಟರ್, ಆ ರಾತ್ರಿ ಅಲ್ಲಿದ್ದ ಆಯಾ, ಸೆಕ್ಯೂರಿಟಿ, ಆಂಬುಲೆನ್ಸ್ ಡ್ರೈವರ್ ಎಲ್ಲರನ್ನೂ ವಿಚಾರಿಸ್ರಿ. ಅಕ್ಕಾರ, ಇಂಥ ಕೆಲಸಕ್ಕೆ ಒಬ್ಬರನ್ನೇ ಕಳಿಸಬೇಡಿ, ಇಬ್ಬಿಬ್ಬರನ್ನು ಕಳಿಸ್ರಿ ಅಂತ ನಿಮ್ಮ ಸೂಪರ್‌ವೈಸರ್‌ಗೆ ಹೇಳ್ರಿ. ಸಂಕಟ ತಡೆಯದಾದಾಗ 14416ಕ್ಕೆ ಫೋನ್ ಮಾಡ್ರಿ. ಅದು ಮನಸ್ಸಿನ ಸಂಕಟಕ್ಕಿರುವ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್, ರೊಕ್ಕ ಬೀಳೂದಿಲ್ಲ, ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ. ಎದುರಿಗೇ ತೋರಿಸಬೇಕೆಂದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗ್ರಿ.