ಎಫ್‌ಟಿಪಿಯಲ್ಲಿ ಏರಿಸಿದ ಜಿಪ್ ಫೈಲ್ ಪ್ರತಿ ಸಲವೂ 316 ಬೈಟ್ ಕಡಿಮೆ ಬರುತ್ತಿದೆ, ಯಾಕೆ?

ಕರಾವಳಿ ಓದುಗ:
ಅಜ್ಜಯ್ಯನ ಕೈಬರಹದ ಯಕ್ಷಗಾನ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ, ಪುಟಗಳನ್ನೆಲ್ಲ ಪಿಎನ್‌ಜಿಯಲ್ಲಿ ಉಳಿಸಿ ಜಿಪ್ ಮಾಡಿದ್ದೇನೆ. ವಿಂಡೋಸ್ ಕಮಾಂಡ್ ಪ್ರಾಂಪ್ಟಿನ ಎಫ್‌ಟಿಪಿಯಿಂದ ಲಿನಕ್ಸ್ ಸರ್ವರಿಗೆ ಹಾಕಿದೆ. ಜೊತೆಗಿದ್ದ ಟೆಕ್ಸ್ಟ್ ಫೈಲ್ ಚೆನ್ನಾಗಿದೆ. ಜಿಪ್ ಬಿಚ್ಚಿದರೆ ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ನೋಡುವ ತಾಳೆಸಂಖ್ಯೆ) ಎರರ್. ಬಿಡಿಯಾಗಿ ಹಾಕಿದ ಮುಖಪುಟದ ಪಿಎನ್‌ಜಿಯೂ ತೆರೆಯುವುದಿಲ್ಲ. ಜಿಪ್ ನನ್ನಲ್ಲಿ 2,09,84,312 ಬೈಟ್, ಅಲ್ಲಿ 2,09,83,996. ಮತ್ತೆ ಹಾಕಿದರೂ ಅಷ್ಟೇ ಕಡಿಮೆ. ನೆಟ್ ತೊಂದರೆಯಾದರೆ ಪ್ರತಿ ಸಲ ಒಂದೇ ಲೆಕ್ಕ ಹೇಗೆ?

ಹಳೇ ಟರ್ಮಿನಲ್:
ಅಂಕೆ ಸಮೇತ ಬರೆದಿದ್ದು ಒಳ್ಳೆಯದಾಯಿತು, ಕಾರಣ ಅದರಲ್ಲೇ ಇದೆ. ನೆಟ್ ತಪ್ಪಲ್ಲ. ವಿಂಡೋಸಿನ ಆ ಎಫ್‌ಟಿಪಿ ತಾನಾಗಿಯೇ ಆಸ್ಕಿ ಮೋಡಿನಲ್ಲಿ, ಅಂದರೆ ಫೈಲನ್ನು ಬರೀ ಟೆಕ್ಸ್ಟ್ ಎಂದುಕೊಂಡು ಕಳಿಸುವ ರೀತಿಯಲ್ಲಿ, ಶುರುವಾಗುತ್ತದೆ. ವಿಂಡೋಸಿನಲ್ಲಿ ಸಾಲು ಮುಗಿಯುವುದು 13, 10 ಎಂಬ ಎರಡು ಬೈಟುಗಳಿಂದ, ಲಿನಕ್ಸಿನಲ್ಲಿ ಬರೀ 10ರಿಂದ. ಹಾಗಾಗಿ ಆ ಕಡೆಯ ಸರ್ವರ್ 10ರ ಹಿಂದಿನ 13ನ್ನು ಕಿತ್ತುಹಾಕುತ್ತದೆ. ಟೆಕ್ಸ್ಟಿಗೆ ಇದು ಉಪಕಾರ. ಜಿಪ್ಪಿನಲ್ಲಿ ಆ ಜೋಡಿ ಸಾಲಿನ ಕೊನೆಯೇ ಅಲ್ಲ, ಡೇಟಾ.

ಲೆಕ್ಕ ಹಾಕಿ ನೋಡಿ. ಕುಗ್ಗಿಸಿದ ಫೈಲಿನಲ್ಲಿ ಬೈಟುಗಳು ಯಾವ ಕ್ರಮವೂ ಇಲ್ಲದೆ ಬಿದ್ದಿರುತ್ತವೆ, ಈ ಜೋಡಿ ಸರಾಸರಿ 65,536 ಬೈಟಿಗೆ ಒಂದು ಸಲ ಬರುತ್ತದೆ. ನಿಮ್ಮ ಫೈಲಿಗೆ ಭಾಗಿಸಿದರೆ ಸುಮಾರು 320. ನಿಮ್ಮಲ್ಲಿ ಹೋಗಿದ್ದು 316!

ಪಿಎನ್‌ಜಿ ರೂಪಿಸಿದವರು ಇದನ್ನು ಮೊದಲೇ ಯೋಚಿಸಿದ್ದರು. ಅದರ ಮೊದಲ ಎಂಟು ಬೈಟ್ 137 80 78 71 13 10 26 10. ಬೇಕೆಂದೇ ಸಾಲಿನ ಕೊನೆಯ ಎರಡೂ ಬಗೆಯನ್ನು ಇಟ್ಟಿದ್ದಾರೆ. ಯಾರಾದರೂ ಬದಲಾಯಿಸಿದರೆ ಫೈಲ್ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ಮುಖಪುಟ ಸ್ವಲ್ಪವೂ ತೆರೆಯದೆ ಇರುವುದು ಅದಕ್ಕೇ.

ಲಾಗಿನ್ ಆದಮೇಲೆ, ಬೈಟುಗಳನ್ನು ಇದ್ದಂತೆಯೇ ಕಳಿಸುವ 'ಬೈನರಿ' ಕಮಾಂಡ್ ಕೊಟ್ಟು, ಆಮೇಲೆ 'ಪುಟ್' ಮಾಡಿ. ಗಾತ್ರ ಬೈಟಿಗೆ ಬೈಟ್ ಹೊಂದಬೇಕು.

ಕರಾವಳಿ ಓದುಗ:
ಬೈನರಿ ಕೊಟ್ಟೆ, ಹೊಂದಿತು, ತುಂಬಾ ಉಪಕಾರ. ಆದರೆ ಹಿಂದೆ ಹೀಗೇ ಹಾಕಿದ ಇನ್ನೊಂದು ಜಿಪ್ಪಿನ ಮೂಲ ಇದ್ದ ಪೆನ್‌ಡ್ರೈವ್ ಸತ್ತಿದೆ. ಸರ್ವರಿನ ಪ್ರತಿಯಿಂದ ಉಳಿಸಿಕೊಳ್ಳಬಹುದಾ?

ಹಳೇ ಟರ್ಮಿನಲ್:
ಪೂರ್ತಿ ಆಗುವುದಿಲ್ಲ. ಅಷ್ಟೇ ದೊಡ್ಡ ಫೈಲಾದರೆ ಅದರಲ್ಲಿ 10 ಎಂಬ ಬೈಟ್ ಸುಮಾರು 82,000 ಇರುತ್ತವೆ. ಅವುಗಳಲ್ಲಿ ಯಾವ ಮುನ್ನೂರರ ಹಿಂದೆ 13 ಇತ್ತೆಂದು ಹೇಳಲು ಗುರುತೇ ಉಳಿದಿಲ್ಲ. ಆದರೂ ಕೈಬಿಡಬೇಡಿ. ಜಿಪ್ಪಿನೊಳಗೆ ಪ್ರತಿ ಫೈಲಿಗೂ ಬೇರೆ ಸಿಆರ್‌ಸಿ ಇದೆ, ಚಿಕ್ಕ ಪುಟಗಳಲ್ಲಿ ಕೆಲವು ಏಟು ತಿನ್ನದೆ ಉಳಿದಿರುತ್ತವೆ. ಲಿನಕ್ಸಿನ 'ಜಿಪ್' ಕಮಾಂಡಿಗೆ ಎರಡು ದೊಡ್ಡ 'ಎಫ್' ಇರುವ ಆಯ್ಕೆ ಕೊಟ್ಟು, ಆ ಜಿಪ್ಪಿನ ಒಂದು ನಕಲಿನ ಮೇಲೆ ಓಡಿಸಿ. ಕೆಟ್ಟ ಪುಟಗಳನ್ನಷ್ಟೇ ಮತ್ತೆ ಸ್ಕ್ಯಾನ್ ಮಾಡಿದರಾಯಿತು.

ನುಡಿಪುಟ:
ಕನ್ನಡ ಟೆಕ್ಸ್ಟಿಗೂ ಇದರಿಂದ ಅಪಾಯ ಇದೆಯಾ ಸರ್?

ಹಳೇ ಟರ್ಮಿನಲ್:
ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಬಗೆ ಯುಟಿಎಫ್-8 ಆದರೆ ಇಲ್ಲ, ಕನ್ನಡ ಅಕ್ಷರದ ಮೂರೂ ಬೈಟುಗಳು 127ಕ್ಕಿಂತ ದೊಡ್ಡವು. ಇನ್ನೊಂದು ಬಗೆಯಾದ ಯುಟಿಎಫ್-16ರಲ್ಲಿ ಅಕ್ಷರಕ್ಕೆ ಎರಡು ಬೈಟ್, ನಮ್ಮ ಅಕ್ಷರಗಳ ಮೇಲಿನ ಬೈಟ್ 12, ಅದೂ ಬಚಾವು. ಗುಜರಾತಿ, ಗುರುಮುಖಿಗಳಿಗೆ ಅದು 10, ಲಿನಕ್ಸಿನಿಂದ ವಿಂಡೋಸಿಗೆ ಇಳಿಸುವಾಗ ಪ್ರತಿ 10ರ ಹಿಂದೆ 13 ಸೇರಿ, ಪಾಪ, ಅಕ್ಷರ ಅಕ್ಷರಕ್ಕೂ ಏಟು. ಆದರೆ ಯುಟಿಎಫ್-16ರ ಕನ್ನಡ ಫೈಲನ್ನು ಲಿನಕ್ಸಿನಿಂದ ವಿಂಡೋಸಿಗೆ ಆಸ್ಕಿಯಲ್ಲಿ ಇಳಿಸಿದರೆ ಮೊದಲ ಸಾಲಿನ ಕೊನೆಗೆ ಒಂದು ಬೈಟ್ ಜಾಸ್ತಿ ಸೇರಿ, ಎರಡನೇ ಸಾಲು ಪೂರ್ತಿ ಗೋಜಲಾಗುತ್ತದೆ. ಅಂಥ ಫೈಲನ್ನೂ ಬೈನರಿಯಲ್ಲೇ ಕಳಿಸಿ.