360 ಗಿಗಾಪಾಸ್ಕಲ್ ಅಂದ್ರೆ ನನ್ನ ಕಂಪ್ರೆಸರ್ ಗೇಜಲ್ಲಿ ಎಷ್ಟು?

ಪಂಕ್ಚರ್ ಅಂಗಡಿ, ಶ್ರೀನಿವಾಸಪುರ:
ಇಪ್ಪತ್ತೆರಡು ವರ್ಷದಿಂದ ಗಾಳಿ ಹೊಡೀತಾ ಇದ್ದೀನಿ. ಬೈಕಿಗೆ 30, ಬಸ್ಸಿಗೆ 110, ಟಯರ್ ತಟ್ಟಿ ನೋಡಿನೇ ಹೇಳ್ತೀನಿ. ನನ್ನ ಕಂಪ್ರೆಸರ್ 150ಕ್ಕೆ ಕಟ್ ಆಗುತ್ತೆ. ಮಗಳು ಸೆಕೆಂಡ್ ಪಿಯುಸಿ, ಸೈನ್ಸು. ನೆನ್ನೆ ಊಟ ತಂದವಳು ಗೇಜ್ ನೋಡ್ತಾ, "ಭೂಮಿ ನಟ್ಟನಡುವೆ 360 ಗಿಗಾಪಾಸ್ಕಲ್ ಒತ್ತಡ ಅಂತೆ ಅಪ್ಪ, ಇದರಲ್ಲಿ ಎಷ್ಟಾಗುತ್ತೆ?" ಅಂದ್ಲು. ಪಾಸ್ಕಲ್ ಲೆಕ್ಕದಲ್ಲಿ 145ರಿಂದ ಗುಣಿಸಬೇಕು ಅಂತ ಎಲ್ಲೋ ಕೇಳಿದ್ದೆ, ಗುಣಿಸಿದೆ. 52 ಸಾವಿರ ಪಿಎಸ್‌ಐ ಬಂತು (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಅಂತ, ಗೇಜಲ್ಲಿ ಇರೋದು ಅದೇ). ಅವಳ ಮೊಬೈಲು "5.22 ಇ 7" ಅಂತ ತೋರಿಸ್ತು. ಐದೂಕಾಲು ಪಿಎಸ್‌ಐ ಅಂದ್ರೆ ಮಕ್ಕಳ ಸೈಕಲ್ಲೂ ಏಳಲ್ಲ. ಯಾವುದು ಸರಿ? (ಪಿಎಸ್‌ಐ ಅಂದ್ರೆ ಠಾಣೆ ಸಾಹೇಬ್ರು ಅಂತ ನಮ್ಮ ಹುಡುಗ ಈಗಲೂ ನಗ್ತಾನೆ.)

ಬೋರ್‌ವೆಲ್ ಮೋಟಾರ್ ಮೆಕ್ಯಾನಿಕ್, ಚಿಂತಾಮಣಿ:
ಅಣ್ಣ, ನಾನು ಪಾಸ್ಕಲ್ ಕಡೆ ತಲೆ ಹಾಕಲ್ಲ, ಕೆಜಿ ಲೆಕ್ಕ, ಅಂದ್ರೆ ಒಂದು ಚದರ ಸೆಂಟಿಮೀಟರ್ ಮೇಲೆ ಎಷ್ಟು ಕೆಜಿ ಭಾರ ಅಂತ. 33 ಅಡಿ ನೀರು ನಿಂತ್ರೆ 1 ಕೆಜಿ, 1 ಕೆಜಿಗೆ 14.2 ಪಿಎಸ್‌ಐ. ನಮ್ಮ ಕಡೆ ಮೋಟಾರ್ 1200 ಅಡೀಲಿ ಕೂತಿರುತ್ತೆ, ಅಲ್ಲಿ ಪೈಪೊಳಗೆ 36 ಕೆಜಿ, 500 ಪಿಎಸ್‌ಐ ಮೇಲೆ. ನಿಮ್ಮ ಕಂಪ್ರೆಸರ್‌ನ ಮೂರರಷ್ಟಕ್ಕಿಂತ ಜಾಸ್ತಿ. ಭೂಮಿ ನಡುವೆ 52 ಸಾವಿರಾನೇ ಅಂದ್ರೆ ನಮ್ಮ ಬೋರಿನ ನೂರರಷ್ಟು ಅಷ್ಟೇ. ನನಗೆ ಯಾಕೋ ಕಮ್ಮಿ ಅನ್ಸುತ್ತೆ.

ಫಿಸಿಕ್ಸ್ ಮೇಷ್ಟ್ರು, ಕೋಲಾರ:
ಕಮ್ಮಿನೇ. 145 ಅನ್ನೋದು ಒಂದು ಮೆಗಾಪಾಸ್ಕಲ್‌ಗೆ. ಮೆಗಾ ಅಂದ್ರೆ 10 ಲಕ್ಷ, ಗಿಗಾ ಅಂದ್ರೆ 100 ಕೋಟಿ. ನೀವು ಗಿಗಾನ ಮೆಗಾ ಅಂತ ಹಿಡಿದ್ರಿ, ಮೂರು ಸೊನ್ನೆ ಬಿದ್ದುಹೋಯ್ತು. ನಮ್ಮ ಹುಡುಗರೂ ಇಲ್ಲೇ ಎಡವೋದು. ಮಿಲಿಯನ್ ಬಿಲಿಯನ್ ಬಿಟ್ಟು ಲಕ್ಷ ಕೋಟೀಲಿ ಮಾಡಿ: 1 ಗಿಗಾಪಾಸ್ಕಲ್ = 10 ಸಾವಿರ ಬಾರ್ (1 ಬಾರ್ ಅಂದ್ರೆ ಹತ್ತಿರ ಹತ್ತಿರ ಮೆಕ್ಯಾನಿಕ್ ಹೇಳಿದ 1 ಕೆಜಿ) = 1.45 ಲಕ್ಷ ಪಿಎಸ್‌ಐ. 360 ಸಲ ಅಂದ್ರೆ 522 ಲಕ್ಷ, ಅಂದ್ರೆ 5.22 ಕೋಟಿ ಪಿಎಸ್‌ಐ. ಮೊಬೈಲೂ ಅದನ್ನೇ ಹೇಳಿದ್ದು, "ಇ 7" ಅಂದ್ರೆ ಪಾಯಿಂಟನ್ನ ಏಳು ಮನೆ ಬಲಕ್ಕೆ ತಳ್ಳು ಅಂತ. ನಿಮ್ಮ ಕಂಪ್ರೆಸರ್‌ನ ಸುಮಾರು ಮೂರೂವರೆ ಲಕ್ಷದಷ್ಟು.

ಇನ್ನೊಂದು ವಿಷಯ. ಗೇಜು ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ. ಪಂಕ್ಚರ್ ಆದ ಟಯರಲ್ಲಿ ಗೇಜು 0 ಅಂದ್ರೂ ಒಳಗೆ ವಾತಾವರಣದ ಒತ್ತಡ ಇದ್ದೇ ಇರುತ್ತೆ. ಸಮುದ್ರಮಟ್ಟದಲ್ಲಿ 14.7, ನಾವು 800 ಮೀಟರ್ ಮೇಲಿದ್ದೀವಿ, ಇಲ್ಲಿ 13 ಚಿಲ್ಲರೆ. ಟಯರಿಗೆ ಇದು ದೊಡ್ಡ ವ್ಯತ್ಯಾಸ. 5 ಕೋಟಿ ಮುಂದೆ ಯಾರು ಕೇಳ್ತಾರೆ.

ಗಣಿ ಕಾಲೋನಿ, ಕೆಜಿಎಫ್:
ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಳಗೆ ಇಳೀತಿದ್ರು, 2001ರಲ್ಲಿ ಗಣಿ ಮುಚ್ಚೋವರೆಗೂ. ಅದು 3.2 ಕಿಲೋಮೀಟರ್ ಆಳ. ಅಲ್ಲಿ ರಾಕ್ ಬರ್ಸ್ಟ್ ಆದ್ರೆ, ಅಂದ್ರೆ ಒತ್ತಡಕ್ಕೆ ಬಂಡೆ ಸಿಡಿದ್ರೆ, ಮೇಲೆ ಮನೇಲಿ ಪಾತ್ರೆ ಗಲಗಲ ಅನ್ನೋದು. ಅಮ್ಮ ಒಲೆ ಆರಿಸಿ ಬಾಗಿಲಲ್ಲಿ ನಿಂತ್ಕೊಳ್ತಿದ್ರು, ಶಿಫ್ಟ್ ಬಿಡೋವರೆಗೂ ಒಳಗೆ ಬರ್ತಿರ್ಲಿಲ್ಲ. ಕಲ್ಲು ನೀರಿನ ಹತ್ತಿರ ಹತ್ತಿರ ಮೂರರಷ್ಟು ತೂಕ ಅಂತ ಹಿಡಿದು, ಮೆಕ್ಯಾನಿಕ್ ಅಣ್ಣನ ಲೆಕ್ಕದಲ್ಲೇ ಮಾಡಿದೆ: ತಳದಲ್ಲಿ 900 ಕೆಜಿ ದಾಟುತ್ತೆ, ಸುಮಾರು 13 ಸಾವಿರ ಪಿಎಸ್‌ಐ. ಬಂಡೆ ಸಿಡಿಯೋದಕ್ಕೆ ಅಷ್ಟು ಸಾಕು. ಗಿಗಾದಲ್ಲಿ ನೋಡಿದ್ರೆ ಅದು ಬರೀ 0.09. ಇದೇ ಲೆಕ್ಕ 6371 ಕಿಲೋಮೀಟರ್‌ಗೆ ಎಳೆದ್ರೆ 19 ಲಕ್ಷ ಕೆಜಿ ಬರುತ್ತೆ, ಮೇಷ್ಟ್ರೇ, ನಿಮ್ಮ 10 ಸಾವಿರ ಬಾರ್ 360 ಸಲ ಅಂದ್ರೆ 36 ಲಕ್ಷ. ಯಾಕೆ?

ಫಿಸಿಕ್ಸ್ ಮೇಷ್ಟ್ರು, ಕೋಲಾರ:
ಕೆಳಗೆ ಹೋದಷ್ಟೂ ಕಲ್ಲು ಒತ್ತಿ ಗಟ್ಟಿಯಾಗುತ್ತೆ, ಆಮೇಲೆ ಕಬ್ಬಿಣ. ನಡುವೆ ನೀರಿನ 13ರಷ್ಟು ಸಾಂದ್ರತೆ.

ಪಂಕ್ಚರ್ ಅಂಗಡಿ, ಶ್ರೀನಿವಾಸಪುರ:
ಮಗಳು "5.22 ಕೋಟಿ" ಅಂತ ಅಂಗಡಿ ಬಾಗಿಲ ಮೇಲೆ ಚಾಕ್‌ಪೀಸಲ್ಲಿ ಬರೆದವ್ಳೆ, ಟ್ಯೂಬ್‌ಲೆಸ್ ರೇಟ್ ಕೆಳಗೆ. ಬೆಳಗ್ಗೆಯಿಂದ ಇಬ್ಬರು ಏನಣ್ಣ ಇದು ಅಂದ್ರು. ಒಂದು ಡೌಟ್. ಮೇಷ್ಟ್ರು ಹೇಳಿದ ಮೇಲೆ ಮೀಟರ್ ಕೈಗೆ ತಗೊಂಡು ನೋಡಿದೆ, ಪೈಪ್ ಬಿಚ್ಚಿಟ್ಟರೂ ಮುಳ್ಳು 4ರ ಮೇಲೇ ನಿಂತಿದೆ. ಇದು ವಾತಾವರಣದ್ದಾ?

ಬೋರ್‌ವೆಲ್ ಮೋಟಾರ್ ಮೆಕ್ಯಾನಿಕ್, ಚಿಂತಾಮಣಿ:
ಅಲ್ಲಣ್ಣ, ಮೀಟರ್ ಹೋಗಿದೆ. ಎಲ್ಲರ ಟಯರಿಗೂ 4 ಕಮ್ಮಿ ಹೊಡೀತಿದ್ದೀರ. ಹೊಸದು ಹಾಕ್ಸಿ.